ಧೋಬಿ ಇಚ್ ಮಡಿವಾಳರಿಂದ ಬರುತ್ತದೆಯೇ? ಕಾಲಿನ ಫಂಗಸ್ ಮತ್ತು ಡಾ. ಕ್ಯಾಸ್ಟೆಲ್ಲಾನಿಯ ಕಥೆ

ಮಳೆಗಾಲದಲ್ಲಿ ದಿನವಿಡೀ ಒದ್ದೆ ಶೂ ಹಾಕಿಕೊಂಡು ಓಡಾಡಿದರೆ ಕಾಲಿನ ಕಿರುಬೆರಳಿನ ಸಂದಿ ಬೆಳ್ಳಗಾಗಿ, ಸಿಪ್ಪೆ ಎದ್ದು, ವಿಪರೀತ ತುರಿಸುವುದು ನಮ್ಮಲ್ಲಿ ಹಲವರಿಗೆ ಗೊತ್ತು. ಉಷ್ಣವಾಗಿದೆ, ರಕ್ತ ಕೆಟ್ಟಿದೆ ಎಂದು ಹೇಳುವವರಿದ್ದಾರೆ. ಅದೇ ತುರಿಕೆ ತೊಡೆಸಂದಿಗೆ ಬಂದರೆ ಅದಕ್ಕೆ ಧೋಬಿ ಇಚ್ ಎಂಬ ಹೆಸರು. ಬಟ್ಟೆ ಒಗೆಯುವವರ ಮೇಲೆ ಈ ಆರೋಪ ಏಕೆ ಬಂತು? ನಿಜವಾದ ಕಾರಣ ಏನು? ಇದನ್ನು ತಿಳಿಯಲು ನಾವು ಇಟಲಿಯ ವೈದ್ಯ ಆಲ್ಡೊ ಕ್ಯಾಸ್ಟೆಲ್ಲಾನಿಯ ಬದುಕನ್ನು ನೋಡೋಣ.

ಫ್ಲಾರೆನ್ಸ್‌ನಿಂದ ಕೊಲಂಬೊಗೆ

ಕ್ಯಾಸ್ಟೆಲ್ಲಾನಿ ಹುಟ್ಟಿದ್ದು 1874ರಲ್ಲಿ, ಇಟಲಿಯ ಫ್ಲಾರೆನ್ಸ್‌ನಲ್ಲಿ. ಅಲ್ಲಿಯೇ ವೈದ್ಯಕೀಯ ಓದಿ, ಜರ್ಮನಿಯ ಬಾನ್‌ನಲ್ಲಿ ಬ್ಯಾಕ್ಟೀರಿಯಾಗಳ ಅಧ್ಯಯನ ಮಾಡಿ, ಲಂಡನ್ನಿನಲ್ಲಿ ಉಷ್ಣವಲಯದ ರೋಗಗಳ ಬಗ್ಗೆ ಕಲಿತರು. 1902ರಲ್ಲಿ ರಾಯಲ್ ಸೊಸೈಟಿ ನಿದ್ರಾರೋಗದ ತನಿಖೆಗೆ ಉಗಾಂಡಕ್ಕೆ ಕಳಿಸಿದ ತಂಡದಲ್ಲಿ ಅವರೂ ಇದ್ದರು. ರೋಗಿಗಳ ಬೆನ್ನುಹುರಿಯ ದ್ರವದಲ್ಲಿ ಟ್ರಿಪನೊಸೋಮ್ ಎಂಬ ಪರಾವಲಂಬಿಯನ್ನು ಕಂಡರು. ಆ ಶೋಧದ ಕೀರ್ತಿ ತಮಗೋ ಡೇವಿಡ್ ಬ್ರೂಸ್ ಅವರಿಗೋ ಎಂಬ ಜಗಳ ವರ್ಷಗಟ್ಟಲೆ ನಡೆಯಿತು.

1903ರಲ್ಲಿ ಅವರು ಸಿಲೋನ್‌ಗೆ, ಅಂದರೆ ಇಂದಿನ ಶ್ರೀಲಂಕಾಕ್ಕೆ ಬಂದರು. 1915ರವರೆಗೂ ಕೊಲಂಬೊದಲ್ಲಿದ್ದರು. 1905ರಲ್ಲಿ ಯಾಸ್ ಎಂಬ ಚರ್ಮರೋಗಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು ಗುರುತಿಸಿದರು. ಸೆಕೆ, ಬೆವರು, ತೇವ ತುಂಬಿದ ಆ ಊರಿನಲ್ಲಿ ಚರ್ಮದ ಫಂಗಸ್ ಸೋಂಕಿಗೆ ಕೊರತೆ ಇರಲಿಲ್ಲ.

ತುರಿಕೆಯ ಕಾರಣ ಸಿಕ್ಕಿತು

ವಸಾಹತು ಕಾಲದ ಬಿಳಿಯರು ತಮ್ಮ ತೊಡೆಸಂದಿಯ ತುರಿಕೆಗೆ ಬಟ್ಟೆ ಒಗೆದು ತರುವ ಮಡಿವಾಳರನ್ನು ದೂರುತ್ತಿದ್ದರು. ಧೋಬಿ ಇಚ್ ಎಂಬ ಹೆಸರು ಬಂದದ್ದೇ ಹಾಗೆ. ಕ್ಯಾಸ್ಟೆಲ್ಲಾನಿ ರೋಗಿಗಳ ಚರ್ಮದಿಂದ ಫಂಗಸ್ ತೆಗೆದು ಪ್ರಯೋಗಾಲಯದಲ್ಲಿ ಬೆಳೆಸಿದರು. 1910ರಲ್ಲಿ ಅಂಥ ಒಂದು ಹೊಸ ಜಾತಿಯನ್ನು ವಿವರಿಸಿದರು. ಬೆಳೆಸಿದಾಗ ಕೆಂಪು ಬಣ್ಣ ಬಿಡುವುದರಿಂದ ಅದಕ್ಕೆ ರೂಬ್ರಮ್, ಅಂದರೆ ಕೆಂಪಗಿನದು, ಎಂಬ ಹೆಸರಾಯಿತು. ಮರುವರ್ಷ ಪ್ಯಾರಿಸ್‌ನ ಚರ್ಮವೈದ್ಯ ರೇಮಂಡ್ ಸಬುರೊ ಅದನ್ನು ಟ್ರೈಕೊಫೈಟನ್ ಗುಂಪಿಗೆ ಸೇರಿಸಿದರು.

ಇಂದು ಜಗತ್ತಿನಲ್ಲಿ ಕಾಲಿನ ಫಂಗಸ್ ಸೋಂಕಿಗೆ ಅತಿ ಸಾಮಾನ್ಯ ಕಾರಣ ಈ ಟ್ರೈಕೊಫೈಟನ್ ರೂಬ್ರಮ್. ಚರ್ಮದ ಹೊರಪದರ ಮತ್ತು ಉಗುರಿನಲ್ಲಿರುವ ಕೆರಾಟಿನ್ ಎಂಬ ಪ್ರೋಟೀನ್ ಇದರ ಆಹಾರ. ಹುಳುಕಡ್ಡಿ ಎಂದು ನಾವು ಕರೆಯುವುದೂ ಇಂಥದೇ ಸೋಂಕು. ಅದರಲ್ಲಿ ಹುಳುವೂ ಇಲ್ಲ, ಕೆಟ್ಟ ರಕ್ತವೂ ಇಲ್ಲ.

ಈ ಫಂಗಸ್ ಹಿಂದೆ ಏಷ್ಯಾ, ಆಫ್ರಿಕಾದ ಕೆಲವು ಭಾಗಗಳಿಗೆ ಸೀಮಿತವಾಗಿತ್ತು, ಸೈನಿಕರು ಹಾಗೂ ಪ್ರಯಾಣಿಕರ ಮೂಲಕ ಯುರೋಪ್, ಅಮೆರಿಕ ತಲುಪಿತು ಎಂದು ತಜ್ಞರು ಭಾವಿಸುತ್ತಾರೆ. ಬರಿಗಾಲಿನಲ್ಲಿ ನಡೆಯುವವರ ಪಾದದಲ್ಲಿ ಗಾಳಿಯಾಡುತ್ತದೆ. ಮುಚ್ಚಿದ ಬೂಟಿನೊಳಗಿನ ಬೆಚ್ಚಗಿನ ತೇವ ಫಂಗಸ್‌ಗೆ ಹೇಳಿ ಮಾಡಿಸಿದ ಜಾಗ.

ಇನ್ನೊಂದು ವಿಷಯ. ತೊಡೆಸಂದಿಯ ಸೋಂಕು ಎಷ್ಟೋ ಸಲ ನಮ್ಮದೇ ಪಾದದಿಂದ ಬಂದಿರುತ್ತದೆ. ಸೋಂಕಿರುವ ಪಾದ ಒರೆಸಿದ ಟವೆಲ್‌ನಿಂದಲೇ ಮೈ ಒರೆಸಿದರೆ, ಚಡ್ಡಿ ಹಾಕುವಾಗ ಅದು ಪಾದಕ್ಕೆ ತಾಗಿದರೆ, ಫಂಗಸ್ ಮೇಲೇರಲು ಅಷ್ಟು ಸಾಕು. ಬಟ್ಟೆ, ಟವೆಲ್ ಹಂಚಿಕೊಂಡರೂ ಹರಡುತ್ತದೆ. ಆದರೆ ಚೆನ್ನಾಗಿ ಒಗೆದು ಬಿಸಿಲಿಗೆ ಹಾಕಿ ಒಣಗಿಸುವ ಮಡಿವಾಳರ ಕೆಲಸ ಸೋಂಕನ್ನು ತಗ್ಗಿಸುತ್ತದೆಯೇ ಹೊರತು ಹುಟ್ಟಿಸುವುದಿಲ್ಲ.

ಕೆಂಪು ಔಷಧಿ, ಕಪ್ಪು ಅಧ್ಯಾಯ

ಮೊದಲ ಮಹಾಯುದ್ಧದ ನಂತರ ಕ್ಯಾಸ್ಟೆಲ್ಲಾನಿ ಲಂಡನ್ನಿನಲ್ಲಿ ಹೆಸರುವಾಸಿ ವೈದ್ಯರಾದರು. 1920ರ ದಶಕದಲ್ಲಿ ಫ್ಯೂಕ್ಸಿನ್ ಬಣ್ಣ, ಫೀನಾಲ್, ಬೋರಿಕ್ ಆಮ್ಲ ಮುಂತಾದವು ಸೇರಿದ ಕಡುಗೆಂಪು ದ್ರವವನ್ನು ಬಳಕೆಗೆ ತಂದರು. ಬೆರಳ ಸಂದಿಗೆ ಹಚ್ಚಿದರೆ ತೇವ ಆರಿ, ಫಂಗಸ್ ಕಡಿಮೆಯಾಗುತ್ತಿತ್ತು. ಬಟ್ಟೆಗೆ ತಾಗಿದರೆ ಕಲೆ ಹೋಗುತ್ತಿರಲಿಲ್ಲ. ಒಳ್ಳೆಯ ಮುಲಾಮುಗಳು ಬರುವವರೆಗೂ ಕ್ಯಾಸ್ಟೆಲ್ಲಾನಿ ಪೇಂಟ್ ಎಂಬ ಈ ದ್ರವವನ್ನು ವೈದ್ಯರು ನೆಚ್ಚಿಕೊಂಡಿದ್ದರು.

ಅವರ ಬದುಕಿನಲ್ಲಿ ಹೆಮ್ಮೆಪಡಲಾಗದ ಭಾಗವೂ ಇದೆ. ಮುಸೊಲಿನಿಗೆ ನಿಷ್ಠರಾಗಿದ್ದ ಅವರು 1935–36ರಲ್ಲಿ ಇಥಿಯೋಪಿಯಾದ ಮೇಲೆ ದಾಳಿ ಮಾಡಿದ ಇಟಲಿ ಸೇನೆಯ ಆರೋಗ್ಯ ವ್ಯವಸ್ಥೆಯ ಹೊಣೆ ಹೊತ್ತರು. ಆ ಸೇನೆ ಇಥಿಯೋಪಿಯನ್ನರ ಮೇಲೆ ವಿಷಾನಿಲ ಪ್ರಯೋಗಿಸಿತ್ತು. 1946ರಲ್ಲಿ ಇಟಲಿಯ ರಾಜಮನೆತನ ದೇಶ ಬಿಟ್ಟಾಗ ಕ್ಯಾಸ್ಟೆಲ್ಲಾನಿ ಕೂಡ ಪೋರ್ಚುಗಲ್ ಸೇರಿದರು. 1971ರಲ್ಲಿ, 97ನೇ ವಯಸ್ಸಿನಲ್ಲಿ, ಲಿಸ್ಬನ್‌ನಲ್ಲಿ ತೀರಿಕೊಂಡರು. ಅವರ ರಾಜಕೀಯವನ್ನು ನಾವು ಒಪ್ಪಬೇಕಿಲ್ಲ. ಅವರು ತೋರಿಸಿಕೊಟ್ಟ ಫಂಗಸ್ ಮಾತ್ರ ಇಂದಿಗೂ ನಮ್ಮ ಶೂಗಳಲ್ಲಿದೆ.

ಈಗ ನಾವೇನು ಮಾಡಬೇಕು?

ಇಂದು ಕ್ಲೋಟ್ರಿಮಜೋಲ್, ಟರ್ಬಿನಾಫಿನ್‌ನಂಥ ಮುಲಾಮುಗಳಿವೆ. ತುರಿಕೆ ನಿಂತ ಕೂಡಲೇ ಹಚ್ಚುವುದನ್ನು ಬಿಡಬೇಡಿ, ಹೇಳಿದಷ್ಟು ದಿನವೂ ಹಚ್ಚಿ. ಬೇಗ ಬಿಟ್ಟರೆ ಉಳಿದ ಫಂಗಸ್ ಮತ್ತೆ ಬೆಳೆಯುತ್ತದೆ. ಉಗುರಿಗೆ ಹಬ್ಬಿದ್ದರೆ ತಿಂಗಳುಗಟ್ಟಲೆ ಚಿಕಿತ್ಸೆ ಬೇಕಾಗಬಹುದು.

ನಮ್ಮಲ್ಲಿ ಹೆಚ್ಚು ಕಾಣುವ ತಪ್ಪು, ಮೆಡಿಕಲ್ ಶಾಪಿನಲ್ಲಿ ಕೇಳಿ ಸ್ಟಿರಾಯ್ಡ್ ಬೆರೆತ ಕ್ರೀಮ್ ತಂದು ಹಚ್ಚುವುದು. ಸ್ಟಿರಾಯ್ಡ್ ಉರಿ, ಕೆಂಪನ್ನು ಅಡಗಿಸುವುದರಿಂದ ವಾಸಿಯಾದಂತೆ ಕಾಣುತ್ತದೆ. ಒಳಗೆ ಫಂಗಸ್ ಹಾಯಾಗಿ ಹರಡುತ್ತದೆ. ಭಾರತದಲ್ಲಿ ಔಷಧಿಗೆ ಬಗ್ಗದ ಫಂಗಸ್ ಸೋಂಕುಗಳು ಹೆಚ್ಚುತ್ತಿರುವುದಕ್ಕೆ ಇಂಥ ಕ್ರೀಮ್‌ಗಳ ದುರ್ಬಳಕೆಯೂ ಒಂದು ಕಾರಣ ಎಂದು ಚರ್ಮವೈದ್ಯರು ಎಚ್ಚರಿಸುತ್ತಿದ್ದಾರೆ.

ತಡೆಯುವುದು ಕಷ್ಟವಲ್ಲ:

• ಸ್ನಾನದ ನಂತರ ಬೆರಳ ಸಂದಿಗಳನ್ನು ಒರೆಸಿ ಒಣಗಿಸಿ. ಪಾದಕ್ಕೆ ಬೇರೆ ಟವೆಲ್ ಇರಲಿ.
• ದಿನವೂ ಒಗೆದ ಸಾಕ್ಸ್ ಹಾಕಿ. ಒಂದೇ ಶೂ ದಿನಾಲೂ ಬೇಡ, ಒಣಗಲು ಬಿಡಿ.
• ಪಾದದಲ್ಲಿ ಸೋಂಕಿದ್ದರೆ ಮೊದಲು ಸಾಕ್ಸ್, ಆಮೇಲೆ ಒಳಉಡುಪು ಹಾಕಿ.
• ಹಾಸ್ಟೆಲ್, ಈಜುಕೊಳದ ಬಚ್ಚಲಲ್ಲಿ ಚಪ್ಪಲಿ ಇರಲಿ.

ಸಕ್ಕರೆ ಕಾಯಿಲೆ ಇರುವವರು ಮನೆಮದ್ದು ಮಾಡುತ್ತಾ ಕೂರಬಾರದು. ಬೆರಳ ಸಂದಿಯ ಸಣ್ಣ ಬಿರುಕಿನಿಂದ ಬ್ಯಾಕ್ಟೀರಿಯಾ ಒಳಹೊಕ್ಕು ಕಾಲು ಊದಿಕೊಂಡು ದೊಡ್ಡ ತೊಂದರೆ ಆಗಬಹುದು. ಅನುಮಾನವಿದ್ದರೆ ವೈದ್ಯರು ಚರ್ಮವನ್ನು ಸ್ವಲ್ಪ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ತುರಿಸುವ ಎಲ್ಲವೂ ಫಂಗಸ್ ಅಲ್ಲ. ಹಾಗಾಗಿ ಮುಂದಿನ ಸಲ ತುರಿಕೆ ಬಂದಾಗ ಬಟ್ಟೆ ಒಗೆದವರನ್ನು ದೂರುವ ಮೊದಲು ನಮ್ಮದೇ ಕಾಲ್ಬೆರಳ ಸಂದಿಯನ್ನೊಮ್ಮೆ ನೋಡಿಕೊಳ್ಳೋಣ.