ತೂಲೂಸಿನ ರಸಾಯನಾಚಾರ್ಯ ಪಾಲ್ ಸಬಾಟಿಯೆ

ರಸಾಯನಶಾಸ್ತ್ರವನ್ನು ಅಭ್ಯಸಿಸುವ ನಮಗೆಲ್ಲ ಕ್ರಿಯಾವರ್ಧಕವೆಂಬ ಮಾತು ಪರಿಚಿತವಾದುದೇ. ತಾನು ವ್ಯಯವಾಗದೆ ಇತರ ವಸ್ತುಗಳ ನಡುವಣ ಕ್ರಿಯೆಯ ವೇಗವನ್ನು ಹೆಚ್ಚಿಸುವ ವಸ್ತುವೇ ಕ್ರಿಯಾವರ್ಧಕ. ಪರೀಕ್ಷೆಯಲ್ಲಿ ಇಷ್ಟು ಬರೆದರೆ ಅಂಕಗಳು ದೊರೆಯುತ್ತವೆ. ಆದರೆ ಈ ವ್ಯಾಖ್ಯೆಯೊಳಗೆ ಅಡಗದ ಸಂಗತಿಯೊಂದಿದೆ. ಕ್ರಿಯಾವರ್ಧಕವು ವೇಗವನ್ನು ಹೆಚ್ಚಿಸುವುದು ಮಾತ್ರವಲ್ಲ. ಎಷ್ಟೋ ಸಂದರ್ಭಗಳಲ್ಲಿ ಕ್ರಿಯೆಯು ಹಿಡಿಯಬೇಕಾದ ದಾರಿಯನ್ನೂ ಗೊತ್ತುಮಾಡುತ್ತದೆ. ಮದ್ಯಸಾರದಂತಹ ಸಾಮಾನ್ಯ ದ್ರವದ ಮೂಲಕ ಈ ಸತ್ಯವನ್ನು ಲೋಕಕ್ಕೆ ತೋರಿಸಿಕೊಟ್ಟವರಲ್ಲಿ ಅಗ್ರಗಣ್ಯನು ಫ್ರಾನ್ಸ್ ದೇಶದ ಪಾಲ್ ಸಬಾಟಿಯೆ. ಆತನ ಜೀವನವೃತ್ತಾಂತವನ್ನು ಓದುತ್ತ ಹೋದಂತೆ, ರಾಜಧಾನಿಯಿಂದ ದೂರವಿರುವ ಕಾಲೇಜುಗಳ ವಿದ್ಯಾರ್ಥಿಗಳಾದ ನಮಗೆ ಇದು ವಿಶೇಷವಾಗಿ ಸಲ್ಲತಕ್ಕದ್ದೆಂದು ನನಗೆ ತೋರಿತು.

ಸಬಾಟಿಯೆ ಹುಟ್ಟಿದುದು 1854ನೆಯ ಇಸವಿ ನವೆಂಬರ್ 5ರಂದು, ದಕ್ಷಿಣ ಫ್ರಾನ್ಸಿನ ಕಾರ್ಕಸೋನ್ ಎಂಬ ಹಳೆಯ ಕೋಟೆಯ ಊರಿನಲ್ಲಿ. 1874ರಲ್ಲಿ ಪ್ಯಾರಿಸ್ಸಿನ ಪ್ರಸಿದ್ಧವಾದ ಎಕೋಲ್ ನಾರ್ಮಾಲ್ ವಿದ್ಯಾಲಯವನ್ನು ಸೇರಿ, ಮೂರು ವರ್ಷಗಳ ನಂತರ ವ್ಯಾಸಂಗವನ್ನು ಮುಗಿಸಿದನು. ನೀಮ್ ಪಟ್ಟಣದ ಶಾಲೆಯೊಂದರಲ್ಲಿ ಒಂದು ವರ್ಷ ಪಾಠ ಹೇಳಿದ ಬಳಿಕ, 1878ರಲ್ಲಿ ಆ ಕಾಲದ ಫ್ರೆಂಚ್ ರಸಾಯನಶಾಸ್ತ್ರದ ಸಾರ್ವಭೌಮನೆನಿಸಿದ್ದ ಬೆರ್ತಲೋವಿನ ಪ್ರಯೋಗಶಾಲೆಯಲ್ಲಿ ಸಹಾಯಕನಾದನು. 1880ರಲ್ಲಿ ಡಾಕ್ಟರ್ ಪದವಿ ಬಂದಿತು. ಅಂತಹ ಗುರುವಿನ ಆಶ್ರಯ ದೊರೆತವನು ಪ್ಯಾರಿಸ್ಸಿನಲ್ಲಿಯೇ ಬೇರೂರಬಹುದಾಗಿತ್ತು. ಸಬಾಟಿಯೆ ಹಾಗೆ ಮಾಡಲಿಲ್ಲ. 1882ರಲ್ಲಿ ದಕ್ಷಿಣದ ತೂಲೂಸ್ ನಗರಕ್ಕೆ ಬಂದನು. 1884ರಲ್ಲಿ, ಮೂವತ್ತರ ವಯಸ್ಸಿನಲ್ಲಿ, ಅಲ್ಲಿಯೇ ರಸಾಯನಶಾಸ್ತ್ರದ ಪ್ರಾಧ್ಯಾಪಕನಾದನು. ಆಮೇಲೆ ಆ ಊರನ್ನು ಬಿಡಲೇ ಇಲ್ಲ.

ಆತನಿಗೆ ಕೀರ್ತಿ ತಂದ ಸಂಶೋಧನೆಗೆ ಮೊದಲ ಹೆಜ್ಜೆ ನಿಕ್ಕಲ್ ಲೋಹ. 1890ರಲ್ಲಿ ಮಾಂಡ್ ಮತ್ತು ಆತನ ಸಂಗಡಿಗರು, ನಿಕ್ಕಲ್ ಲೋಹವು ಇಂಗಾಲದ ಮಾನಾಕ್ಸೈಡಿನೊಡನೆ ನೇರವಾಗಿ ಕೂಡಿ ಆವಿಯಾಗಬಲ್ಲ ಸಂಯುಕ್ತವಾಗುವುದನ್ನು ತೋರಿಸಿದ್ದರು. ಹಾಗಾದರೆ ಬೇರೆ ಅನಿಲಗಳೊಡನೆ ಏಕೆ ಕೂಡಬಾರದು? ಈ ಪ್ರಶ್ನೆಯ ಬೆನ್ನು ಹತ್ತಿ ಸಬಾಟಿಯೆ ಮತ್ತು ಆತನ ಸಹೋದ್ಯೋಗಿ ಸಾಂದೆರಾನ್ 1897ರಲ್ಲಿ ಬಿಸಿಮಾಡಿದ ನಿಕ್ಕಲ್ ಪುಡಿಯ ಮೇಲೆ ಎಥಿಲೀನ್ ಅನಿಲವನ್ನು ಹಾಯಿಸಿದರು. ನಿರೀಕ್ಷಿಸಿದ ಸಂಯುಕ್ತ ಸಿಗಲಿಲ್ಲ. ಹೊರಬಂದ ಅನಿಲದಲ್ಲಿ ಈಥೇನ್ ಇದ್ದಿತು. ಎಥಿಲೀನ್ ಒಡೆದು ಹೊರಟ ಜಲಜನಕವು ಉಳಿದ ಎಥಿಲೀನಿಗೆ ಸೇರಿಕೊಂಡಿರಬೇಕು. ಅದನ್ನು ಸೇರಿಸಿದುದು ನಿಕ್ಕಲ್. ಈ ಊಹೆಯನ್ನು ಪರೀಕ್ಷಿಸಲು ಎಥಿಲೀನ್ ಮತ್ತು ಜಲಜನಕಗಳನ್ನು ಬೆರೆಸಿ ಹಾಯಿಸಿದರು. ಊಹೆ ದಿಟವಾಯಿತು. 1901ರಲ್ಲಿ ಬೆಂಜೀನ್ ಆವಿಯೂ ಇದೇ ರೀತಿಯಲ್ಲಿ ಸೈಕ್ಲೊಹೆಕ್ಸೇನ್ ಆಯಿತು. ಎಣ್ಣೆಯನ್ನು ಗಟ್ಟಿಮಾಡಿ ನಾವು ವನಸ್ಪತಿ ಎಂದು ಕರೆಯುವ ಪದಾರ್ಥದ ತಯಾರಿಕೆಗೂ ಈ ನಿಕ್ಕಲ್ ಪ್ರಯೋಗಗಳೇ ತಳಹದಿ.

ಜಲಜನಕವನ್ನು ಕೂಡಿಸಬಲ್ಲ ಲೋಹವು, ಬಿಸಿ ಹೆಚ್ಚಿದಾಗ, ಅದನ್ನು ಕಳೆಯಲೂ ಬಲ್ಲುದಲ್ಲವೆ? ಕೊಡುವ ಕೈಯೇ ಕೊಳ್ಳುವ ಕೈಯೂ ಆಗಬಾರದೇಕೆ? ಹೀಗೆ ಆಲೋಚಿಸಿ ಸಬಾಟಿಯೆ ಮದ್ಯಸಾರದ ಕಡೆಗೆ ತಿರುಗಿದನು. ಇಲ್ಲಿಂದ ಮುಂದಿನದು, ನನ್ನ ಎಣಿಕೆಯಲ್ಲಿ, ಆತನ ಜೀವನದ ಅತ್ಯಂತ ಸುಂದರವಾದ ಭಾಗ.

ಉಪಕರಣವೆಂದರೆ ಬಿಸಿಮಾಡಿದ ಗಾಜಿನ ನಳಿಗೆ, ಅದರೊಳಗೆ ಲೋಹದ ಪುಡಿ. ಒಂದು ತುದಿಯಿಂದ ಆವಿ ಒಳಹೊಗುವುದು, ಇನ್ನೊಂದು ತುದಿಯಲ್ಲಿ ಬಂದುದನ್ನು ತಣಿಸಿ ಹಿಡಿಯುವುದು. ನಳಿಗೆಯಲ್ಲಿ ಸುಮಾರು 250ರಿಂದ 300 ಡಿಗ್ರಿ ಸೆಂಟಿಗ್ರೇಡ್ ಬಿಸಿಯ ತಾಮ್ರವಿದ್ದರೆ, ಈಥೈಲ್ ಮದ್ಯಸಾರದ ಆವಿಯು ಜಲಜನಕವನ್ನು ಕಳೆದುಕೊಂಡು ಅಸಿಟಾಲ್ಡಿಹೈಡ್ ಆಗುತ್ತದೆ. ತಾಮ್ರದ ಬದಲು ನಿಕ್ಕಲ್ ಇಟ್ಟರೆ ಅದರ ಚುರುಕು ಅತಿಯಾಗಿ, ಹುಟ್ಟಿದ ಆಲ್ಡಿಹೈಡೇ ಮೀಥೇನ್ ಮತ್ತು ಇಂಗಾಲದ ಮಾನಾಕ್ಸೈಡುಗಳಾಗಿ ಮುರಿಯುತ್ತದೆ. ಲೋಹಗಳನ್ನು ಬಿಟ್ಟು ಅಲ್ಯುಮಿನ ಅಥವಾ ಥೋರಿಯವನ್ನು ತುಂಬಿ ಇನ್ನಷ್ಟು ಬಿಸಿಮಾಡಿದರೆ, ಜಲಜನಕದ ಬದಲು ನೀರೇ ಹೊರಟುಹೋಗಿ ಎಥಿಲೀನ್ ಉಳಿಯುತ್ತದೆ. ಅಲ್ಯುಮಿನದ ಬಿಸಿಯನ್ನು ತಗ್ಗಿಸಿದರೆ ಎರಡು ಅಣುಗಳ ನಡುವೆ ಒಂದು ಅಣು ನೀರು ಹೋಗಿ ಈಥರ್ ದೊರೆಯುತ್ತದೆ. ಒಳಗೆ ಹೋದುದು ಒಂದೇ ಮದ್ಯಸಾರ. ಹೊರಗೆ ಬಂದುದು ಬೇರೆ ಬೇರೆ. ತಾಮ್ರದ ಪ್ರಯೋಗಗಳನ್ನು 1903ರಲ್ಲಿ ಸಾಂದೆರಾನನ ಜೊತೆಯಲ್ಲಿಯೂ, ಆಕ್ಸೈಡುಗಳ ಪ್ರಯೋಗಗಳಲ್ಲಿ ಬಹಳಷ್ಟನ್ನು ಮುಂದೆ ಮೇಲ್ ಎಂಬ ಸಹೋದ್ಯೋಗಿಯ ಜೊತೆಯಲ್ಲಿಯೂ ಆತನು ನಡೆಸಿದನು.

ಇದಕ್ಕೆ ಕಾರಣವೇನು? ಅನಿಲಗಳು ಲೋಹದ ಸೂಕ್ಷ್ಮ ರಂಧ್ರಗಳಲ್ಲಿ ಒತ್ತಾಗಿ ಸೇರುವುದರಿಂದ ಕ್ರಿಯೆ ಚುರುಕಾಗುತ್ತದೆಂದು ಹಲವರು ನಂಬಿದ್ದರು. ಬರಿಯ ಒತ್ತಡವೇ ಕಾರಣವಾದರೆ ತಾಮ್ರಕ್ಕೂ ಅಲ್ಯುಮಿನಕ್ಕೂ ಈ ಭೇದವೇಕೆ ಎಂಬುದು ಸಬಾಟಿಯೆಯ ವಾದ. ಕ್ರಿಯಾವರ್ಧಕದ ಮೇಲ್ಮೈಯಲ್ಲಿ ಅಲ್ಪಾಯುವಾದ ಒಂದು ಸಂಯುಕ್ತ ಹುಟ್ಟಿ, ಕೂಡಲೇ ಮುರಿದು, ಕ್ರಿಯಾವರ್ಧಕವನ್ನು ಮೊದಲಿನಂತೆ ಬಿಟ್ಟುಕೊಡುತ್ತದೆಂದು ಆತನು ಹೇಳಿದನು. ವಿವರಗಳಲ್ಲಿ ಮುಂದೆ ಮಾರ್ಪಾಡುಗಳಾದರೂ, ಅಣುಗಳು ಮೇಲ್ಮೈಯೊಡನೆ ರಾಸಾಯನಿಕ ಬಂಧನ ಬೆಳೆಸುತ್ತವೆಂಬ ತಿರುಳು ಇಂದಿಗೂ ನಿಂತಿದೆ. ಕ್ರಿಯಾವರ್ಧಕವು ದೂರ ನಿಂತು ನೋಡುವ ಸಾಕ್ಷಿಯಲ್ಲ. ಕೆಲಸದಲ್ಲಿ ಕೈಯಿಕ್ಕಿ, ಕೆಲಸವಾದೊಡನೆ ಕೈ ಬಿಡಿಸಿಕೊಳ್ಳುವ ಕರ್ಮಿ. ಹಾಗೆ ಕೈಯಿಕ್ಕುವುದರಿಂದಲೇ ಅದಕ್ಕೆ ವಿಷವೂ ತಗಲುತ್ತದೆ: ಬೆಂಜೀನಿನಲ್ಲಿ ಗಂಧಕದ ಲೇಶವಿದ್ದರೂ ನಿಕ್ಕಲ್ ಸತ್ತಂತಾಗುವುದನ್ನು ಆತನು ಗಮನಿಸಿದ್ದನು.

ಕೈಗಾರಿಕೆಗೆ ಈ ವಿದ್ಯೆಯಿಂದಾದ ಉಪಕಾರ ಸಣ್ಣದಲ್ಲ. ಮೀಥೈಲ್ ಮದ್ಯಸಾರದ ಆವಿಯನ್ನು ಗಾಳಿಯೊಡನೆ ಬಿಸಿ ಪ್ಲಾಟಿನಮ್ ಮೇಲೆ ಹಾಯಿಸಿ ಫಾರ್ಮಾಲ್ಡಿಹೈಡ್ ಪಡೆಯಬಹುದೆಂದು 1867ರಲ್ಲಿ ಹಾಫ್‌ಮನ್ ತೋರಿಸಿದ್ದನು. ಈಗ ಕಾರ್ಖಾನೆಗಳು ಬೆಳ್ಳಿಯನ್ನು, ಇಲ್ಲವೆ ಕಬ್ಬಿಣ ಮತ್ತು ಮಾಲಿಬ್ಡಿನಮ್‌ಗಳ ಆಕ್ಸೈಡನ್ನು ಬಳಸುತ್ತವೆ. ಪ್ಲೈವುಡ್ಡಿನ ಅಂಟು ಈ ಫಾರ್ಮಾಲ್ಡಿಹೈಡಿನಿಂದ ಆದುದು. ಐಸೊಪ್ರೊಪೈಲ್ ಮದ್ಯಸಾರದಿಂದ ಅಸಿಟೋನ್ ಪಡೆದುದೂ ಇದೇ ಮಾರ್ಗದಲ್ಲಿ. ನಮ್ಮ ದೇಶದಲ್ಲಿ ಸಕ್ಕರೆ ಕಾರ್ಖಾನೆಗಳ ಕಾಕಂಬಿಯನ್ನು ಹುದುಗೆಬ್ಬಿಸಿ ಪಡೆದ ಮದ್ಯಸಾರದಿಂದ ಅಸಿಟಾಲ್ಡಿಹೈಡ್, ಅಸಿಟಿಕ್ ಆಮ್ಲ, ಎಥಿಲೀನ್ ಮೊದಲಾದವನ್ನು ತಯಾರಿಸಿದ್ದಾರೆ. ಕುಡಿದರೆ ಮನೆ ಹಾಳುಮಾಡುವ ದ್ರವವೇ ಕ್ರಿಯಾವರ್ಧಕದ ಮುಂದೆ ಹಾಯ್ದು ನೂರು ಮನೆಗಳಿಗೆ ಅನ್ನ ಕೊಡುತ್ತದೆ.

1907ರ ಸುಮಾರಿಗೆ ಮ್ವಾಸಾನ್ ಮತ್ತು ಬೆರ್ತಲೋ ಇಬ್ಬರೂ ತೀರಿಕೊಂಡ ಮೇಲೆ ಪ್ಯಾರಿಸ್ಸಿನಿಂದ ಕರೆ ಬಂದಿತು. ಫ್ರಾನ್ಸಿನ ವಿದ್ವಾಂಸನೊಬ್ಬನಿಗೆ ಅದಕ್ಕಿಂತ ಹಿರಿದಾದ ಮನ್ನಣೆಯಿಲ್ಲ. ಸಬಾಟಿಯೆ ನಯವಾಗಿ ನಿರಾಕರಿಸಿ ತೂಲೂಸಿನಲ್ಲಿಯೇ ಉಳಿದನು. 1905ರಿಂದಲೇ ಅಲ್ಲಿನ ವಿಜ್ಞಾನ ವಿಭಾಗದ ಮುಖ್ಯಸ್ಥನಾಗಿದ್ದ ಆತನು, ರಸಾಯನ, ವಿದ್ಯುತ್ತು, ಬೇಸಾಯಗಳ ಶಿಕ್ಷಣಕ್ಕೆ ಹೊಸ ಸಂಸ್ಥೆಗಳು ಏಳುವಂತೆ ದುಡಿದನು. 1912ರಲ್ಲಿ ನೊಬೆಲ್ ಬಹುಮಾನವನ್ನು ಗ್ರಿನ್ಯಾರನೊಡನೆ ಹಂಚಿಕೊಂಡನು. ವಿಜ್ಞಾನಗಳ ಅಕಾಡೆಮಿಯ ಪೂರ್ಣ ಸದಸ್ಯರು ಪ್ಯಾರಿಸ್ಸಿನ ನಿವಾಸಿಗಳೇ ಆಗಿರಬೇಕೆಂಬ ಕಟ್ಟಳೆ ಅದುವರೆಗೆ ಇತ್ತು. 1913ರಲ್ಲಿ ಹೊರಗಿನವರಿಗಾಗಿ ಆರು ಸ್ಥಾನಗಳನ್ನು ನಿರ್ಮಿಸಿ, ಮೊದಲನೆಯದಕ್ಕೆ ಸಬಾಟಿಯೆಯನ್ನು ಆರಿಸಿದರು. ಆತನು ರಾಜಧಾನಿಗೆ ಹೋಗಲಿಲ್ಲ. ರಾಜಧಾನಿಯ ಬಾಗಿಲೇ ಆತನಿಗಾಗಿ ಅಗಲವಾಯಿತು.

ಒಂದು ಮಾತನ್ನು ಮರೆಯಬಾರದು. ಮೊದಲ ದಿನಗಳ ಸಂಗಾತಿಯಾದ ಸಾಂದೆರಾನ್ ಒಬ್ಬ ಪಾದ್ರಿ. ವರ್ಷಗಟ್ಟಲೆ ಜೊತೆಯಲ್ಲಿ ದುಡಿದವನು. ಬಹುಮಾನದಲ್ಲಿ ಅವನಿಗೆ ಪಾಲು ಸಿಗಲಿಲ್ಲ. ಕ್ರಿಯೆಯಲ್ಲಿ ಭಾಗಿಯಾಗಿಯೂ ಫಲದಲ್ಲಿ ಹೆಸರಿಲ್ಲದೆ ಹೊರಬರುವುದು ಕ್ರಿಯಾವರ್ಧಕಕ್ಕೆ ಸಹಜ. ಮನುಷ್ಯನಿಗೆ ಅದು ನೋವು. ಸಬಾಟಿಯೆಯನ್ನು ಹೊಗಳುವಾಗ ಸಾಂದೆರಾನನನ್ನು ನೆನೆಯುವುದು ನ್ಯಾಯವೆಂದು ನಾನು ಭಾವಿಸುತ್ತೇನೆ.

ಸಬಾಟಿಯೆ 1930ರಲ್ಲಿ ನಿವೃತ್ತನಾಗಿ, 1941ನೆಯ ಆಗಸ್ಟ್ 14ರಂದು ತೂಲೂಸಿನಲ್ಲಿಯೇ ತೀರಿಕೊಂಡನು. 1969ರಲ್ಲಿ ಆ ನಗರದಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯಕ್ಕೆ ಆತನ ಹೆಸರನ್ನಿಟ್ಟರು. ದೊಡ್ಡ ಊರಿನ ದೊಡ್ಡ ಪ್ರಯೋಗಶಾಲೆಯಲ್ಲದೆ ವಿಜ್ಞಾನ ಬೆಳೆಯದೆಂದು ನಮ್ಮಲ್ಲಿ ಹಲವರು ಕೈಚೆಲ್ಲುವುದುಂಟು. ಗಾಜಿನ ನಳಿಗೆ, ಹಿಡಿಯಷ್ಟು ತಾಮ್ರದ ಪುಡಿ, ಸ್ವಲ್ಪ ಮದ್ಯಸಾರ, ಇವು ನಮ್ಮ ಕಾಲೇಜಿನ ಬೀರುವಿನಲ್ಲಿಯೂ ಇವೆ. ಬೇಕಾದುದು, ನಿರೀಕ್ಷಿಸಿದುದು ಬಾರದಿದ್ದಾಗ ಬಂದುದೇನೆಂದು ಕೇಳುವ ಬುದ್ಧಿ.