ಅಫೊನ್ಸೊ ದೆ ಆಲ್ಬುಕರ್ಕನ ಜೀವಿತ

ಪಾಠಶಾಲೆಯ ಚರಿತ್ರೆಯ ಪುಸ್ತಕಗಳಲ್ಲಿ ಆಲ್ಬುಕರ್ಕನ ಹೆಸರು ಒಂದೆರಡು ಸಾಲುಗಳಲ್ಲಿ ಬಂದುಹೋಗುತ್ತದೆ. ನಮ್ಮ ಕರಾವಳಿಯ ಮಗ್ಗುಲಲ್ಲಿಯೇ ನಾಲ್ಕೂವರೆ ಶತಮಾನಗಳ ಕಾಲ ನಿಂತ ಪರರಾಜ್ಯಕ್ಕೆ ಅಸ್ತಿಭಾರವಿಕ್ಕಿದ ಈತನ ಜೀವಿತವನ್ನು ತುಸು ವಿಸ್ತಾರವಾಗಿ ಅರಿಯುವುದು ಯುಕ್ತವೆಂದು ನಾವು ಎಣಿಸುತ್ತೇವೆ.

ಈತನು ಸುಮಾರು 1453ರಲ್ಲಿ ಪೋರ್ತುಗಲ್ ದೇಶದ ಕುಲೀನ ಮನೆತನವೊಂದರಲ್ಲಿ ಜನಿಸಿದನು. ಮೊರಾಕ್ಕೊ ದೇಶದ ಯುದ್ಧಗಳಲ್ಲಿ ಪಳಗಿ, ಐವತ್ತರ ಪ್ರಾಯದಲ್ಲಿ, ಅಂದರೆ 1503ರಲ್ಲಿ, ಮೊದಲ ಬಾರಿಗೆ ಇಂಡಿಯಾಕ್ಕೆ ಬಂದನು. 1509ರಲ್ಲಿ ಇಲ್ಲಿಯ ಗವರ್ನರನಾದನು.

ಹಡಗುಗಳು ಎಷ್ಟಿದ್ದರೇನು? ಅವುಗಳನ್ನು ದುರಸ್ತಿ ಮಾಡುವುದಕ್ಕೂ ಮಳೆಗಾಲದಲ್ಲಿ ತಂಗುವುದಕ್ಕೂ ಸ್ವಂತ ಬಂದರವಿಲ್ಲದಿದ್ದರೆ ದೂರದೇಶದಲ್ಲಿ ಆಳಿಕೆ ನಿಲ್ಲದೆಂಬುದು ಆತನ ನಿಶ್ಚಯವಾಗಿತ್ತು. ಹೊನ್ನಾವರದ ನೌಕಾನಾಯಕನಾದ ತಿಮ್ಮೋಜಿಯು ಆತನಿಗೆ ಗೋವೆಯನ್ನು ತೋರಿಸಿಕೊಟ್ಟನು. ವಿಜಯನಗರಕ್ಕೂ ಬಿಜಾಪುರಕ್ಕೂ ಹೋಗುವ ಕುದುರೆಗಳ ವ್ಯಾಪಾರವು ನಡೆಯುತ್ತಿದ್ದ ಬಂದರವದು. 1510ರ ಫೆಬ್ರವರಿಯಲ್ಲಿ ಅದು ಬಹುಮಟ್ಟಿಗೆ ಕಾಳಗವಿಲ್ಲದೆಯೇ ವಶವಾಯಿತು. ಮೇ ತಿಂಗಳಲ್ಲಿ ಬಿಜಾಪುರದ ಮಹಾಸೈನ್ಯವು ಬರಲು ಕೈತಪ್ಪಿಯೂ ಹೋಯಿತು. ಆಗ ಮುಂಗಾರು ಕಡಲಿನ ದಾರಿಯನ್ನು ಮುಚ್ಚಿತ್ತು. ಆಗಸ್ಟಿನ ವರೆಗೂ ಆತನ ಹಡಗುಗಳು ಮಾಂಡೋವಿ ನದಿಯಲ್ಲಿಯೇ ಸಿಕ್ಕಿಕೊಂಡು, ದಡದ ಗುಂಡುಗಳಿಗೂ ಹಸಿವಿಗೂ ಈಡಾದವು. ಆದರೂ ಆತನು ಎದೆಗುಂದದೆ ಹಡಗುಗಳನ್ನು ಕೂಡಿಸಿಕೊಂಡು ಬಂದು ನವೆಂಬರ್ 25ರಂದು ಪಟ್ಟಣವನ್ನು ಮರಳಿ ಗೆದ್ದನು.

ಆ ದಿನವು ವಿದ್ಯಾವತಿಯೆಂದು ಹೆಸರಾದ ಸಂತ ಕತರೀನಳ ಹಬ್ಬದ ದಿನ. ಅಂದಿನಿಂದ ಕೆಲವು ದಿನಗಳ ಕಾಲ ಆತನ ಆಜ್ಞೆಯಂತೆ ಊರಿನ ಮುಸಲ್ಮಾನರನ್ನು, ಹೆಂಗಸರು ಮಕ್ಕಳೆನ್ನದೆ, ಕೊಲ್ಲಲಾಯಿತು. ಸತ್ತವರು ಸುಮಾರು 6000 ಎಂದು ಆತನೇ ತನ್ನ ಅರಸನಿಗೆ ಬರೆದು ತಿಳಿಸಿದನು. ಸೆರೆಸಿಕ್ಕಿದ ಸ್ತ್ರೀಯರಲ್ಲಿ ಕೆಲವರಿಗೆ ದೀಕ್ಷಾಸ್ನಾನ ಮಾಡಿಸಿ, ತನ್ನ ಸಿಪಾಯಿಗಳಿಗೆ ಮದುವೆಮಾಡಿ ಕೊಟ್ಟನು. ಹಡಗುಗಳು ಗೆದ್ದ ಊರನ್ನು ಸಂಸಾರಗಳು ಕಾಯಬೇಕೆಂಬುದು ಆತನ ಎಣಿಕೆ. ಆ ಸ್ತ್ರೀಯರ ಮನಸ್ಸೇನಿತ್ತೆಂಬುದನ್ನು ಯಾರೂ ಬರೆದಿಡಲಿಲ್ಲ. ಇದೇ ಪುರುಷನು ಗೋವೆಯಲ್ಲಿ ಸಹಗಮನವನ್ನು ನಿಷೇಧಿಸಿದನೆಂಬುದನ್ನೂ ನಾವು ಮರೆಯಬಾರದು.

1511ರಲ್ಲಿ ಮಲಾಕ್ಕವನ್ನು ಗೆದ್ದನು. 1513ರಲ್ಲಿ ಏಡನ್ನಿನ ಮುಂದೆ ಸೋತನು. 1515ರಲ್ಲಿ ಹೊರ್ಮುಜನ್ನು ಸ್ವಾಧೀನಪಡಿಸಿಕೊಂಡನು. ಪೋರ್ತುಗೀಸರ ರಹದಾರಿ ಪತ್ರವಿಲ್ಲದೆ ವ್ಯಾಪಾರದ ಹಡಗುಗಳು ಈ ಸಮುದ್ರದಲ್ಲಿ ನಿರ್ಭಯವಾಗಿ ಸಂಚರಿಸಲಾರದಂತಾಯಿತು. ಇಷ್ಟಾದರೂ ಹೊರ್ಮುಜಿನಿಂದ ಮರಳುವ ದಾರಿಯಲ್ಲಿ, ತನ್ನ ಪದವಿಯನ್ನು ತನ್ನ ವಿರೋಧಿಗೆ ಕೊಟ್ಟಿರುವರೆಂಬ ವಾರ್ತೆ ರೋಗಪೀಡಿತನಾದ ಆತನಿಗೆ ಮುಟ್ಟಿತು. ಡಿಸೆಂಬರ್ 16ರಂದು ಗೋವೆಯು ಕಣ್ಣಿಗೆ ಕಾಣುತ್ತಿರುವಾಗ ಹಡಗಿನಲ್ಲಿಯೇ ಪ್ರಾಣಬಿಟ್ಟನು.

ಮುಂದಣ ಅಧಿಕಾರಿಗಳ ಅನ್ಯಾಯವನ್ನು ತಾಳಲಾರದೆ ಊರಿನ ಹಿಂದುಗಳೂ ಮುಸಲ್ಮಾನರೂ ಆತನ ಸಮಾಧಿಯ ಬಳಿಗೆ ಹೋಗಿ ಮೊರೆಯಿಡುತ್ತಿದ್ದರೆಂಬ ಐತಿಹ್ಯವುಂಟು. ಆತನು ಕಟ್ಟಿದ ಆಳಿಕೆಯು 1961ರ ಡಿಸೆಂಬರಿನಲ್ಲಿ ಕೊನೆಗಂಡಿತು.

ಆತನ ಧೈರ್ಯವೂ ದೂರದೃಷ್ಟಿಯೂ ದೊಡ್ಡವು. ಆದರೆ ಆತನು ಬಾಯಲ್ಲಿ ಹೇಳಿದ ಕ್ರಿಸ್ತನ ನಾಮವನ್ನೇ ನಾವೂ ಹೇಳುವವರಾದುದರಿಂದ, ಆ ನವೆಂಬರಿನ ದಿನಗಳನ್ನು ನಮ್ಮ ಹೆಣ್ಣುಮಕ್ಕಳಿಗೆ ಮುಚ್ಚಿಡದೆ ಹೇಳತಕ್ಕದ್ದು. ಫಿರಂಗಿಗಳಿಂದ ಬಂದರಗಳು ವಶವಾಗುವವು. ಹೃದಯಗಳಿಗೆ ಬೇರೆ ದಾರಿಯೇ ಬೇಕು.