ಮುಮ್ಮಡಿ ಕೃಷ್ಣರಾಜರ ಚದುರಂಗ

ಇತ್ತೀಚೆಗೆ ಮಂಗಳೂರಿನಲ್ಲಿ ನನ್ನ ಮೊಮ್ಮಗನ ಚೆಸ್ ಪಂದ್ಯ ನೋಡಲು ಹೋಗಿದ್ದೆ. ಎದುರಾಳಿ ಹುಡುಗಿ ಆಡಿದ್ದು ಕಿಂಗ್ಸ್ ಇಂಡಿಯನ್ ಆರಂಭ: ಪಟದ ಮಧ್ಯಭಾಗವನ್ನು ಎದುರಾಳಿಗೆ ಬಿಟ್ಟುಕೊಟ್ಟು, ರಾಜನನ್ನು ಭದ್ರಪಡಿಸಿಕೊಂಡು ಕಾಯುವುದು. 1850ರ ದಶಕದಲ್ಲಿ ಕಲ್ಕತ್ತೆಯ ಮಹೇಶಚಂದ್ರ ಬ್ಯಾನರ್ಜಿ ಜಾನ್ ಕೊಕ್ರೇನ್ ಎದುರು ಈ ಬಗೆಯ ಆಟವಾಡಿದ್ದರು. ಆಗ ಮೈಸೂರಿನ ಅರಮನೆಯಲ್ಲಿ ಇನ್ನೊಬ್ಬರು ಚದುರಂಗದ ಪಟದೆದುರು ಕುಳಿತಿದ್ದರು, ರಾಜ್ಯವಿಲ್ಲದ ರಾಜರಾಗಿ.

1799ರ ಜೂನ್‌ನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಸಿಂಹಾಸನದಲ್ಲಿ ಕೂರಿಸಿದಾಗ ಅವರಿಗೆ ಐದು ವರ್ಷ ತುಂಬಿರಲಿಲ್ಲ. ಮೊದಲ ನಡೆಗಳನ್ನೆಲ್ಲ ಅವರ ಪರವಾಗಿ ಬೇರೆಯವರೇ ನಡೆಸಿದರು. ನಮ್ಮ ಕೆನರಾ, ಅದರೊಡನೆ ಮಂಗಳೂರಿನ ಬಂದರು, ಕಂಪನಿಯ ಪಾಲಾಯಿತು. ಕಡಲನ್ನು ಕಳೆದುಕೊಂಡ ರಾಜ್ಯ ವರ್ಷಕ್ಕೆ 7 ಲಕ್ಷ ವರಹ ಪೊಗದಿ ತೆರಬೇಕಾಯಿತು. ಅರ್ಥಶಾಸ್ತ್ರ ಓದಿದವನಾಗಿ ನನಗೆ ಮುಂದಿನ ಅನಾಹುತದ ಮೂಲ ಅರಮನೆಯ ದುಂದಿಗಿಂತ ಹೆಚ್ಚಾಗಿ ಈ ಲೆಕ್ಕದಲ್ಲೇ ಕಾಣುತ್ತದೆ. ಕಂದಾಯದ ಒತ್ತಡದಿಂದ ನಗರದ ರೈತರು ದಂಗೆಯೆದ್ದರು. ಅದನ್ನೇ ನೆಪವಾಗಿಸಿ 1831ರಲ್ಲಿ ಬೆಂಟಿಂಕ್ ಆಡಳಿತವನ್ನು ಕಸಿದುಕೊಂಡನು. ಬಳಿಕ ನಡೆದ ವಿಚಾರಣೆ, ಆರೋಪಗಳಲ್ಲಿ ಉತ್ಪ್ರೇಕ್ಷೆಯಿತ್ತೆಂದು ಕಂಡುಕೊಂಡರೂ ರಾಜ್ಯ ಹಿಂದಿರುಗಲಿಲ್ಲ.

ಅನಂತರದ ಅವರ ಬದುಕನ್ನು ಸೋಮಾರಿ ಅರಸನ ಕಾಲಹರಣವೆಂದು ಬಗೆದವರುಂಟು. ಕುದುರೆ 64 ಮನೆಗಳನ್ನೂ ಒಂದೊಂದೇ ಬಾರಿ ಮೆಟ್ಟಬೇಕು. ನಡೆಗಳಿಗೆ ಕ್ರಮವಾಗಿ ಅಂಕಿ ಬರೆದರೆ ಪ್ರತಿ ಅಡ್ಡಸಾಲು, ಪ್ರತಿ ಉದ್ದಸಾಲಿನ ಮೊತ್ತ 260 ಆಗಬೇಕು. ಕೃಷ್ಣರಾಜರು ಇಂಥದೊಂದು ವಿನ್ಯಾಸವನ್ನು ರಚಿಸಿದರು. ಇಂಥವು ಮೂಲತಃ 140 ಮಾತ್ರ ಇವೆಯೆಂದು ತಿಳಿಯಲು 2003ರವರೆಗೆ ಗಣಕಯಂತ್ರಗಳಿಗೆ ಕಾಯಬೇಕಾಯಿತು. ಅವರ ಶ್ರೀತತ್ತ್ವನಿಧಿಯ ಕೌತುಕನಿಧಿಯಂತೂ ಆಟಗಳಿಗೇ ಮೀಸಲು.

ಅದೇ ಕೈ ಮನವಿಪತ್ರಗಳನ್ನೂ ಬರೆಸುತ್ತಿತ್ತು. ಅಧಿಕಾರವಿಲ್ಲದ ಹುದ್ದೆಯಲ್ಲಿ ಕೆಲಕಾಲ ಕುಳಿತಿದ್ದ ನನಗೆ, ಉತ್ತರ ಬಾರದ ಕಾಗದಕ್ಕೆ ಮತ್ತೊಂದು ಕಾಗದ ಬರೆಯುವುದರ ಕಷ್ಟ ಗೊತ್ತು. ಅವರು ದಂಗೆಯೇಳಲಿಲ್ಲ, ಬೇಡಿಕೆಯನ್ನು ಬಿಡಲೂ ಇಲ್ಲ. 1857ರ ಕೋಲಾಹಲದಲ್ಲಿಯೂ ಬ್ರಿಟಿಷರ ಪಕ್ಷದಲ್ಲೇ ನಿಂತರು. ಇದನ್ನು ಹೇಡಿತನವೆನ್ನುವವರೊಡನೆ ನಾನು ವಾದಿಸಲಾರೆ. ಆದರೆ ಡಾಲ್‌ಹೌಸಿಯ ಕಾಲದಲ್ಲಿ ಅಳಿದುಹೋದ ಸಂಸ್ಥಾನಗಳ ಪಟ್ಟಿಗೆ ಮೈಸೂರು ಸೇರಲಿಲ್ಲ.

1865ರಲ್ಲಿ ಅವರು ಚಾಮರಾಜೇಂದ್ರರನ್ನು ದತ್ತು ಪಡೆದರು. 1867ರಲ್ಲಿ ಲಂಡನ್ ಆ ದತ್ತಕನಿಗೆ ರಾಜ್ಯವನ್ನು ಒಪ್ಪಿಸಲು ಸಮ್ಮತಿಸಿತು. ಮರುವರ್ಷ ಮಾರ್ಚ್ 27ರಂದು ಕೃಷ್ಣರಾಜರು ತೀರಿಕೊಂಡರು. ಮೈಸೂರು ಒಡೆಯರ ಕೈಗೆ ಮರಳಿದ್ದು 1881ರಲ್ಲಿ. ಮಂಗಳೂರಿನ ಬಂದರು ಮಾತ್ರ ಮರಳಲಿಲ್ಲ.